ಓದುಗರ ಪ್ರಶ್ನೆ: ಗಡಿಯಾರಗಳ ಹಾಡು ಮತ್ತು ಸೂಕ್ಷ್ಮ ಕಿವಿ

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಚಿಕ್ಕಂದಿನಿಂದಲೂ ಅವಳ ಕಿವಿ ಬಹಳ ಸೂಕ್ಷ್ಮ. ಪಟಾಕಿ ಸದ್ದಾದರೆ ಒಳಕೋಣೆ ಸೇರುತ್ತಾಳೆ, ಕುಕ್ಕರ್ ಕೂಗುವ ಮುನ್ನ ಅಡುಗೆಮನೆಯಿಂದ ಎದ್ದು ಹೋಗುತ್ತಾಳೆ. ಆದರೂ ಯಕ್ಷಗಾನದ ಚಂಡೆ ಅವಳಿಗೆ ಇಷ್ಟ. ಕಳೆದ ತಿಂಗಳು ಅವಳ ಅಣ್ಣ ಪಿಂಕ್ ಫ್ಲಾಯ್ಡ್ ತಂಡದ ‘ಟೈಮ್’ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿಸಿದಾಗ, ಹಾಡು ಶುರುವಾಗುವಷ್ಟರಲ್ಲೇ ಅದನ್ನು ಕಿತ್ತೆಸೆದು, ಮೈ ನಡುಗಿ ಅತ್ತುಬಿಟ್ಟಳು. ಈಗ ಆ ಹಾಡನ್ನು ಪೂರ್ತಿ ಕೇಳಬೇಕೆಂದು ಅವಳೇ ಹಟ ಹಿಡಿದಿದ್ದಾಳೆ. ಇದು ಕಾಯಿಲೆಯೇ? ಕೇಳಲು ಬಿಡಬಹುದೇ?
— ಒಬ್ಬ ತಾಯಿ, ಶಿರಸಿ

ಉತ್ತರ: ಕೇಳಲು ಖಂಡಿತ ಬಿಡಿ, ಆದರೆ ಹಾಡಿನೊಳಗೆ ಏನಿದೆ ಎಂಬುದನ್ನು ಮೊದಲು ಅವಳಿಗೆ ತಿಳಿಸಿ. ಕೇಳುಗರನ್ನು ಬೆಚ್ಚಿಬೀಳಿಸುವಂತೆಯೇ ಅದರ ಆರಂಭವನ್ನು ಕಟ್ಟಿದ್ದಾರೆ. ಆದ್ದರಿಂದ ಅವಳ ಅಳುವನ್ನು ದೌರ್ಬಲ್ಯವೆಂದು ದಯವಿಟ್ಟು ಎಣಿಸಬೇಡಿ, ಅಣ್ಣನೂ ಅದನ್ನು ತಮಾಷೆಯ ವಿಷಯ ಮಾಡದಿರಲಿ.

ಈ ಹಾಡು 1973ರಲ್ಲಿ ಬಂದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನದು. ಅದು ಮುದ್ರಣವಾದದ್ದು ಲಂಡನ್ನಿನ ಅಬೇ ರೋಡ್ ಸ್ಟುಡಿಯೊದಲ್ಲಿ. ಅಲ್ಲಿನ ಧ್ವನಿ ತಂತ್ರಜ್ಞ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದಕ್ಕೆ ಹೋಗಿ, ನಾಲ್ಕು ಕಡೆಯಿಂದ ಕೇಳಿಸುವ ಧ್ವನಿಮುದ್ರಣದ ಪ್ರಯೋಗಕ್ಕೆಂದು ಒಂದೊಂದು ಗಡಿಯಾರದ ಸದ್ದನ್ನೂ ಬೇರೆ ಬೇರೆಯಾಗಿ ಮುದ್ರಿಸಿಕೊಂಡಿದ್ದರು. ಅವೆಲ್ಲವೂ ಒಮ್ಮೆಲೇ ಬಾರಿಸುವಂತೆ ಜೋಡಿಸಿದ ಆ ತುಣುಕೇ ಈ ಹಾಡಿನ ಬಾಗಿಲಾಯಿತು. ಮೊದಲು ಕೇಳಿಸುವುದು ಬರಿಯ ಟಿಕ್ ಟಿಕ್. ಅದು ಎಷ್ಟು ಮೆಲ್ಲಗಿದೆಯೆಂದರೆ, ಸರಿಯಾಗಿ ಕೇಳಿಸಲೆಂದು ಸದ್ದನ್ನು ಏರಿಸುವುದು ಸಹಜ, ಬಹುಶಃ ನಿಮ್ಮ ಮಗನೂ ಹಾಗೆಯೇ ಮಾಡಿರಬೇಕು. ಏರಿಸಿದ ಆ ಮಟ್ಟದಲ್ಲೇ ಎಲ್ಲ ಗಂಟೆಗಳೂ ಅಲಾರಮ್‌ಗಳೂ ಒಟ್ಟಿಗೆ ಮೇಲೆರಗುತ್ತವೆ.

ದೊಡ್ಡ ಸದ್ದು ಬಂದಾಗ ಮಧ್ಯಕಿವಿಯ ಪುಟ್ಟ ಸ್ನಾಯುವೊಂದು ಬಿಗಿದುಕೊಂಡು ಒಳಕಿವಿಗೆ ಹೋಗುವ ಹೊಡೆತವನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಅದಕ್ಕೂ ಒಂದಿಷ್ಟು ಸಮಯ ಬೇಕು, ಥಟ್ಟನೆ ಬಂದ ಸದ್ದು ಅಷ್ಟರೊಳಗೆ ದಾಟಿಹೋಗಿರುತ್ತದೆ. ಹೆದರಬೇಕೋ ಬೇಡವೋ ಎಂದು ನಾವು ಯೋಚಿಸುವ ಮೊದಲೇ ಮಿದುಳಿನ ಬುಡದಿಂದ ಹೊರಟ ಆಜ್ಞೆಗೆ ಮೈ ಬೆಚ್ಚಿಬಿದ್ದಿರುತ್ತದೆ. ಇದು ಎಲ್ಲರಲ್ಲೂ ಆಗುವಂಥದು. ಸೂಕ್ಷ್ಮ ಸ್ವಭಾವದವರಲ್ಲಿ ಆ ಬೆಚ್ಚುವಿಕೆ ಹೆಚ್ಚು ತೀವ್ರ, ಶಾಂತವಾಗಲು ಹಿಡಿಯುವ ಹೊತ್ತೂ ಹೆಚ್ಚು. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಏರನ್ 1990ರ ದಶಕದಿಂದಲೂ ಇಂಥ ಸೂಕ್ಷ್ಮತೆಯನ್ನು ರೋಗವೆಂದು ಕರೆಯದೆ, ಹುಟ್ಟಿನಿಂದ ಬಂದ ಒಂದು ಗುಣವೆಂದೇ ವಿವರಿಸುತ್ತ ಬಂದಿದ್ದಾರೆ.

ಹಾಗಾದರೆ ಚಂಡೆ ಏಕೆ ಇಷ್ಟ? ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಈ ಮಾತು. ಚಂಡೆಯವರು ಕೋಲೆತ್ತುವುದು ಅವಳ ಕಣ್ಣಿಗೆ ಕಾಣುತ್ತದೆ, ಭಾಗವತರ ಪದ ಎಲ್ಲಿ ಏರುತ್ತದೆಂಬುದು ಅವಳಿಗೆ ಗೊತ್ತು, ಬಯಲಿನಲ್ಲಿ ಸದ್ದು ಹರಡಿಕೊಳ್ಳುತ್ತದೆ, ಬೇಕೆನಿಸಿದರೆ ಎದ್ದು ಹಿಂದೆ ಹೋಗಿ ಕೂರಬಹುದು. ಹೆಡ್‌ಫೋನಿನಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಎಡಬಲದ ಗಡಿಯಾರಗಳು ಕಿವಿಯೊಳಗೇ ಕುಳಿತಂತೆ ಬಾರಿಸುತ್ತವೆ, ಮುನ್ಸೂಚನೆಯೂ ಸಿಗುವುದಿಲ್ಲ. ಸದ್ದು ಯಾವಾಗ ಬರುತ್ತದೆಂದು ತಿಳಿದಿದ್ದರೆ ಮತ್ತು ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲೇ ಇದ್ದರೆ, ಅಷ್ಟೇ ಜೋರಿನ ಸದ್ದನ್ನೂ ಸಹಿಸಿಕೊಳ್ಳುವುದು ಸುಲಭವಾಗುತ್ತದೆ.

ಆದ್ದರಿಂದ ಮೊದಲ ಸಲ ಹೆಡ್‌ಫೋನ್ ಬೇಡ. ಕೋಣೆಯ ಇನ್ನೊಂದು ತುದಿಯಲ್ಲಿ ಚಿಕ್ಕ ಸ್ಪೀಕರ್ ಇಟ್ಟು, ಮೊಬೈಲನ್ನು ಅವಳ ಕೈಗೇ ಕೊಡಿ. ಗಡಿಯಾರಗಳ ಭಾಗವನ್ನು ಬಿಟ್ಟು ಹಾಡುಗಾರಿಕೆಯಿಂದ ಶುರುಮಾಡಿ, ಅದು ಪರಿಚಯವಾದ ಮೇಲೆ ಹಿಂದಕ್ಕೆ ಬನ್ನಿ. ಗಂಟೆಗಳು ನಿಂತ ಮೇಲೆ ಎದೆಬಡಿತದಂಥ ಟಿಕ್ ಟಿಕ್ ಮತ್ತು ನಿಕ್ ಮೇಸನ್ ನುಡಿಸುವ ಶ್ರುತಿಬದ್ಧ ಡ್ರಮ್‌ಗಳು ಎರಡು ನಿಮಿಷದಷ್ಟು ಸಾಗುತ್ತವೆ. ಆ ಬಿಡುವಾದ ನಡಿಗೆ ಅವಳಿಗೆ ಹಿಡಿಸುತ್ತದೆಂದು ನನಗೆ ಅನ್ನಿಸುತ್ತದೆ. ಆಮೇಲೆ ಡೇವಿಡ್ ಗಿಲ್ಮರ್ ಅವರ ಒರಟು ದನಿ ಮತ್ತೆ ಥಟ್ಟನೆ ಬರುತ್ತದೆ, ಇದನ್ನು ಅವಳಿಗೆ ಮೊದಲೇ ಹೇಳಿಡಿ. ಅದರ ಬೆನ್ನಿಗೇ ರಿಚರ್ಡ್ ರೈಟ್ ಅವರ ಮೆದು ದನಿ ಇದೆ. ಕೈಯಿಂದ ಜಾರಿಹೋಗುವ ಆಯುಸ್ಸನ್ನು ಕುರಿತ ಹಾಡಾದ್ದರಿಂದ ಎರಡನೆಯ ಸಲವೂ ಕಣ್ಣು ತುಂಬಿ ಬರಬಹುದು, ಆಗ ಗಾಬರಿಯಾಗಬೇಡಿ.

ಒಂದು ವಿಷಯವನ್ನು ಮಾತ್ರ ಗಮನಿಸುತ್ತಿರಿ. ಮಿಕ್ಸಿ, ಪಾತ್ರೆ, ಪಕ್ಕದವರ ಮಾತಿನಂಥ ನಿತ್ಯದ ಸದ್ದುಗಳೂ ಅವಳಿಗೆ ನೋವು ತರುತ್ತಿದ್ದರೆ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಇದ್ದರೆ, ಅಥವಾ ಈ ಸೂಕ್ಷ್ಮತೆ ಇತ್ತೀಚೆಗೆ ಏಕಾಏಕಿ ಹೆಚ್ಚಿದ್ದರೆ, ಶ್ರವಣತಜ್ಞರಿಗೆ ತೋರಿಸುವುದು ಅಗತ್ಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯ ಸೌಲಭ್ಯವಿದೆ. ಅಲ್ಲಿಯವರೆಗೆ ಮನೆಯಲ್ಲಿ ದಿನವಿಡೀ ಕಿವಿ ಮುಚ್ಚಿಕೊಂಡಿರಲು ಅವಳನ್ನು ಬಿಡಬೇಡಿ. ಸದಾ ನಿಶ್ಶಬ್ದದಲ್ಲಿಟ್ಟ ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತದೆ.

ಪ್ರಶ್ನೆ: ರಾಕ್ ಸಂಗೀತದ ಕಾರ್ಯಕ್ರಮಕ್ಕೆ ಹೋಗುವಾಗ ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕಾಗುತ್ತದೆಯೇ?
— ಒಬ್ಬ ಓದುಗ, ಬೆಂಗಳೂರು

ಉತ್ತರ: ಸಾಕಾಗುವುದಿಲ್ಲ. ಹತ್ತಿ ತಡೆಯುವುದು ಅತ್ಯಲ್ಪ. ಅದೂ ಬಹುಮಟ್ಟಿಗೆ ತಾರದ ಸ್ವರಗಳನ್ನು ಮಾತ್ರ, ಎದೆಗೆ ಗುದ್ದುವ ಮಂದ್ರವೆಲ್ಲ ಒಳಗೆ ಬಂದೇ ಬರುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವುದರಿಂದ ಹಾಡಿನ ಬಣ್ಣ ಕೆಡುವುದಿಲ್ಲ. ಅಮೆರಿಕದಲ್ಲಿ ಕೆಲಸದ ಜಾಗಗಳಿಗೆಂದು ಶಿಫಾರಸು ಮಾಡಿದ ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತ, 100 ಡೆಸಿಬಲ್ಲಿಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ ಮಾತ್ರ. ರಾಕ್ ವೇದಿಕೆಯ ಮುಂದೆ 100 ಡೆಸಿಬಲ್ ಅಪರೂಪವೇನಲ್ಲ. ಸ್ಪೀಕರುಗಳ ಎದುರು ನಿಲ್ಲದೆ ಹಿಂದೆ ನಿಲ್ಲಿ, ನಡುನಡುವೆ ಹೊರಗೆ ಹೋಗಿ ಬನ್ನಿ. ಮರುದಿನವೂ ಕಿವಿ ಗುಂಯ್‌ಗುಟ್ಟುತ್ತಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಿ.