ನೋಟಿಸು ಮಂಡ್ಯಕ್ಕೂ ಹೋಗುತ್ತದೆ

ಪ್ರಶ್ನೆ: ಮೈಸೂರಿನ ಜೆರಾಕ್ಸ್ ಅಂಗಡಿಯಲ್ಲಿ ನನ್ನ ನೋಟ್ಸು ಅವನ ಕೈಗೆ, ಅವನದು ನನ್ನ ಕೈಗೆ ಬಂತು. ವಾಪಸು ಕೊಡಲು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಕ್ಕೆವು. ಆಮೇಲೆ ಕೊಡುವುದಕ್ಕೇನೂ ಇಲ್ಲದಿದ್ದರೂ ಸಿಗುತ್ತಲೇ ಇದ್ದೆವು. ಈಗ ಎಂ.ಎ. ಕೊನೆಯ ಸೆಮಿಸ್ಟರ್, ಇಬ್ಬರಿಗೂ 23. ಜಾತಿ ಬೇರೆ. ಅವನದು ಮೈಸೂರೇ, ನಾನು ಇಲ್ಲಿ ಹಾಸ್ಟೆಲಿನಲ್ಲಿದ್ದೇನೆ, ಮನೆ ಮದ್ದೂರಿನ ಹತ್ತಿರ. ಇಲ್ಲೇ ರಿಜಿಸ್ಟರ್ ಮದುವೆಯಾದರೆ ಊರಿಗೆ ಗೊತ್ತಾಗುತ್ತದೆಯೆ?

ಉತ್ತರ: ಗೊತ್ತಾಗಬಹುದು. ಹಾಗೆಂದುಕೊಂಡೇ ಹೊರಡಿ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಗೆ ಮುಂಚೆ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಇಬ್ಬರಲ್ಲಿ ಒಬ್ಬರು ನೋಟಿಸು ಕೊಡುವ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದರೆ ಸಾಕು, ಅದಕ್ಕೆ ಹುಡುಗನ ವಿಳಾಸ ಆಯಿತು. ಆದರೆ ನಿಮ್ಮ ಕಾಯಂ ವಿಳಾಸ ಮಂಡ್ಯ ಜಿಲ್ಲೆಯದು. ಹಾಗಾಗಿ ನೋಟಿಸಿನ ಒಂದು ಪ್ರತಿ ಅಲ್ಲಿನ ವಿವಾಹಾಧಿಕಾರಿಗೂ ಹೋಗಿ, ಆ ಕಚೇರಿಯಲ್ಲೂ ಅಂಟುತ್ತದೆ. ಮನೆಗೆ ಅಂಚೆಯಲ್ಲಿ ಕಳಿಸಬೇಕೆಂದು ಕಾಯ್ದೆಯಲ್ಲಿಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಜಮೀನಿನ ಕೆಲಸಕ್ಕೆ ಬರುವ ಊರಿನವರ ಕಣ್ಣಿಗೆ ಬೀಳುವುದೇ ಹೆಚ್ಚು.

ಬಿದ್ದರೂ ‘ನಮಗೆ ಒಪ್ಪಿಗೆಯಿಲ್ಲ’ ಎಂಬುದು ತಕರಾರಲ್ಲ. ಮೊದಲ ಮದುವೆ ಊರ್ಜಿತದಲ್ಲಿದೆ, ವಯಸ್ಸು ಸಾಲದು, ನಿಷಿದ್ಧ ಸಂಬಂಧ, ಒಪ್ಪಿಗೆ ಕೊಡಲಾಗದ ಮಾನಸಿಕ ಸ್ಥಿತಿ, ಇಂಥವಷ್ಟೇ ನಿಲ್ಲುತ್ತವೆ. ಜಾತಿಯ ಮಾತು ಅಲ್ಲಿ ನಡೆಯದು.

ಹುಡುಗರು ಎಡವುವುದು ದಿನಗಳ ಲೆಕ್ಕದಲ್ಲಿ. ಮದುವೆಗೆ ಮುಂಚೆ ತಕರಾರಿಗೆಂದು ಕಾಯುವ 30 ದಿನ ಎಣಿಸುವುದು ನೋಟಿಸು ಅಂಟಿಸಿದ ದಿನದಿಂದ. ಆ ತಾರೀಖು ಕೇಳಿ ಬರೆದುಕೊಳ್ಳಿ. ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ. ಪರೀಕ್ಷೆಗೆ ಮುಂಚೆ ನೋಟಿಸು ಕೊಟ್ಟು, ರಿಸಲ್ಟು, ಕೆಲಸ ಎಂದು ಕಾಯುವವರಿಗೆ ಆಗುವುದು ಇದೇ. (ಆಷಾಢ ಎಂದು ಮುಂದೂಡಬೇಡಿ; ಕಾಯ್ದೆಗೆ ಆಷಾಢವಿಲ್ಲ.)

ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸಕ್ಕೆ ಆಧಾರ್, ಫೋಟೋಗಳು ಸಿದ್ಧವಿರಲಿ. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು ಎಂದಿದ್ದರೆ ನೋಟಿಸಿಗೆ ಮುಂಚೆಯೇ ಸರಿಮಾಡಿಸಿ. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ನಾಲ್ಕನೆಯವರೊಬ್ಬರಿಗೂ ಹೇಳಿಟ್ಟಿರಿ, ಬೆಳಿಗ್ಗೆ ಒಬ್ಬರ ಫೋನು ಸ್ವಿಚ್ ಆಫ್ ಆಗುವುದು ಹೊಸದೇನಲ್ಲ. ಪರಸ್ಪರ ಒಪ್ಪಿಗೆಯ ಮಾತನ್ನು ಕನ್ನಡದಲ್ಲೇ ಹೇಳಬಹುದು.

ಹೆದರಿಕೆಯಿದ್ದರೆ ಮಂಡ್ಯದ ಎಸ್ಪಿ, ಮೈಸೂರಿನ ಪೊಲೀಸ್ ಕಮಿಷನರ್ ಇಬ್ಬರಿಗೂ ಅರ್ಜಿ ಬರೆದು, ನಿಮ್ಮ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಇನ್ನೊಬ್ಬರ ಪ್ರಶ್ನೆ: ನಾವಿಬ್ಬರೂ ಹಿಂದೂಗಳೇ. ಈ 30 ದಿನದ ಗೋಜಿಲ್ಲದೆ ನೇರ ರಿಜಿಸ್ಟರ್ ಮಾಡಿಸಬಹುದಲ್ಲ? ಹುಡುಗನಿಗೆ 21 ತುಂಬಲು ಎರಡು ತಿಂಗಳಿದೆ.

ಉತ್ತರ: 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಟಿಸಿಲ್ಲ, ನಿಜ. ಆದರೆ ಮೊದಲು ಶಾಸ್ತ್ರೋಕ್ತವಾಗಿಯೋ ನಿಮ್ಮ ಸಂಪ್ರದಾಯದಂತೆಯೋ ಮದುವೆ ನಡೆದಿರಬೇಕು. ಶಾಸ್ತ್ರವೇ ಆಗದೆ ಸರ್ಟಿಫಿಕೇಟು ಮಾತ್ರ ಇದ್ದರೆ ಅದು ಮದುವೆಯಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ತೀರ್ಪು ಕೊಟ್ಟಿದೆ. ತಾಳಿ, ಧಾರೆ, ಸಪ್ತಪದಿ, ನಡೆದದ್ದಕ್ಕೆಲ್ಲ ಫೋಟೋ ಇಟ್ಟುಕೊಳ್ಳಿ. ಎರಡು ತಿಂಗಳು ಮಾತ್ರ ಕಾಯಲೇಬೇಕು. 21 ತುಂಬುವ ಹಿಂದಿನ ದಿನ ಕಟ್ಟಿದರೂ ಅದು ಬಾಲ್ಯವಿವಾಹವೇ.