ಕ್ಯಾಟ್ ಬದಲಿಸುವ ಮುಂಚೆ ವಾಲ್ವ್ ನೋಡಿ: ಲಾರಾ ವಿಆರ್‌ಎಸ್, ಪಿ0420

ಸರ್, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. 2012ರ ಸ್ಕೋಡಾ ಲಾರಾ ವಿಆರ್‌ಎಸ್ ಕಾರು, ಲಕ್ಷ ಕಿ.ಮೀ. ಹತ್ತಿರ ಓಡಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಒಂದೆರಡು ನಿಮಿಷ ಗಡಗಡ ನಡುಗಿ ಆಮೇಲೆ ಸರಿಹೋಗುತ್ತದೆ. ಪಿಕಪ್ ಮೊದಲಿನ ಹಾಗಿಲ್ಲ. ಸ್ಕ್ಯಾನರ್‌ನಲ್ಲಿ ಪಿ0300 (ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳದಿರುವುದು) ಮತ್ತು ಪಿ0420 (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಕ್ಯಾಟ್, ಸರಿಯಾಗಿ ಕೆಲಸ ಮಾಡುತ್ತಿಲ್ಲ) ಅನ್ನುವ ಕೋಡ್‌ಗಳು ಬಂದಿವೆ. ಗ್ಯಾರೇಜಿನವರು ಕ್ಯಾಟ್ ಹೋಗಿದೆ, ಹೊಸದು ಹಾಕಿಸಿ ಅಂತಾರೆ. ನಿಮ್ಮ ಗೆಳೆಯರು ಕ್ಯಾಟ್ ಕಿತ್ತು ಬಿಸಾಕಿ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ) ಮಾಡಿಸಿ ಅಂತಾರೆ. ಸದ್ಯಕ್ಕೆ ಎರಡೂ ಬೇಡ, ದುಡ್ಡು ಜೇಬಲ್ಲೇ ಇರಲಿ.

ಕ್ಯಾಟ್ ತಾನಾಗಿಯೇ ಸಾಯುವುದು ಅಪರೂಪ. ಮೇಲಿನಿಂದ ಏನೋ ಬಂದು ಅದನ್ನು ಸಾಯಿಸಿರುತ್ತದೆ. ನಿಮ್ಮ ಗಾಡಿಯಲ್ಲಿ ನನಗೆ ಅನುಮಾನ ಇರುವುದು ಎರಡರ ಮೇಲೆ: ಒಂದು ಮಿಸ್‌ಫೈರ್, ಇನ್ನೊಂದು ಎಂಜಿನ್ ಆಯಿಲ್ ಕುಡಿಯುವುದು. ಇವನ್ನು ಹಾಗೇ ಬಿಟ್ಟು ಹೊಸ ಕ್ಯಾಟ್ ಹಾಕಿದರೆ ಅದೂ ಬೇಗ ಹೋಗುತ್ತದೆ. ಮಿಸ್‌ಫೈರ್ ಆದಾಗ ಸುಡದ ಪೆಟ್ರೋಲು ಹಾಗೇ ಎಕ್ಸಾಸ್ಟಿಗೆ ಹೋಗಿ ಕ್ಯಾಟ್ ಒಳಗೆ ಹೊತ್ತಿಕೊಳ್ಳುತ್ತದೆ. ಒಳಗಿರುವ ಜೇನುಗೂಡಿನಂಥ ಸೆರಾಮಿಕ್ 1400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಅದಕ್ಕಿಂತ ಎಷ್ಟೋ ಮುಂಚೆಯೇ ಅದರ ಮೇಲಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಕೆಲಸ ಬಿಡುತ್ತದೆ. ಅದಕ್ಕೇ ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಮೆಲ್ಲಗೆ ಮನೆಗೆ ಬನ್ನಿ. ಮಿಣುಕುತ್ತಿದ್ದರೆ ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ಹಾಕಿ. ಮಿಣುಕುವುದು ಅಂದರೆ ಈಗಲೇ ಕ್ಯಾಟ್ ಸುಡುತ್ತಿದೆ ಅಂತ.

ಮೊದಲು ಮಿಸ್‌ಫೈರ್ ಹಿಡಿಯೋಣ. ಪಿ0300 ಅಂದರೆ ಒಂದೇ ಸಿಲಿಂಡರ್ ಅಲ್ಲ, ಅಲ್ಲಿ ಇಲ್ಲಿ ಬಿಡುತ್ತಿದೆ ಅಂತ ಅರ್ಥ. ಅಗ್ಗದ ಬ್ಲೂಟೂತ್ ಡಾಂಗಲ್ ಇಲ್ಲಿ ಸಾಲದು. ವಿಸಿಡಿಎಸ್ (ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳ ಸ್ಕ್ಯಾನ್ ಸಾಫ್ಟ್‌ವೇರ್) ಇರುವವರ ಹತ್ತಿರ ಹೋಗಿ. ಬೆಳಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಅದರ ಮೆಷರಿಂಗ್ ಬ್ಲಾಕ್ (ಅಂಕಿ ತೋರಿಸುವ ಪುಟ) 15 ಮತ್ತು 16ರಲ್ಲಿ ಸಿಲಿಂಡರ್‌ವಾರು ಮಿಸ್‌ಫೈರ್ ಎಣಿಕೆ ನೋಡಿ. ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋದರೆ ಅಷ್ಟರಲ್ಲಿ ಬಿಸಿಯಾಗಿರುತ್ತದೆ, ಏನೂ ಕಾಣುವುದಿಲ್ಲ. ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು ಬನ್ನಿ, ಇಲ್ಲ ಲ್ಯಾಪ್‌ಟಾಪ್ ಮನೆಗೆ ತರಿಸಿ.

ಒಂದು ಸಿಲಿಂಡರ್‌ನಲ್ಲೇ ಎಣಿಕೆ ಏರಿದರೆ ಅದರ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ತೆಗೆದು ಪಕ್ಕದ್ದಕ್ಕೆ ಹಾಕಿ. ಮಿಸ್‌ಫೈರ್ ಕಾಯಿಲ್ ಜೊತೆ ಜಾಗ ಬದಲಿಸಿದರೆ ತಪ್ಪು ಕಾಯಿಲ್‌ದೇ. ಬದಲಿಸದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಆದರೆ ನೀವು ಹೇಳಿದ ಲಕ್ಷಣ ಬೇರೆ ಇದೆ. ತಣ್ಣಗಿರುವಾಗ ಮಾತ್ರ ನಡುಗುತ್ತದೆ, ಬಿಸಿಯಾದ ಮೇಲೆ ಸರಿ, ಎಲ್ಲ ಸಿಲಿಂಡರ್‌ನಲ್ಲೂ ಸ್ವಲ್ಪ ಸ್ವಲ್ಪ. ಇದು ಇನ್‌ಟೇಕ್ ವಾಲ್ವಿನ (ಸಿಲಿಂಡರಿಗೆ ಗಾಳಿ ಬಿಡುವ ಬಾಗಿಲು) ಕಾರ್ಬನ್ ಇರಬೇಕು ಅನ್ನಿಸುತ್ತದೆ.

ಈ 1.8 ಟಿಎಸ್‌ಐ ಎಂಜಿನ್‌ನಲ್ಲಿ ಪೆಟ್ರೋಲು ನೇರ ಸಿಲಿಂಡರ್ ಒಳಗೆ ಚಿಮ್ಮುತ್ತದೆ. ಹಳೇ ಎಂಪಿಎಫ್‌ಐ ಗಾಡಿಯಲ್ಲಿ ಪೆಟ್ರೋಲು ವಾಲ್ವಿನ ಬೆನ್ನಿಗೆ ಬಿದ್ದು ಅದನ್ನು ತೊಳೆಯುತ್ತಲೇ ಇರುತ್ತದೆ. ಇಲ್ಲಿ ತೊಳೆಯುವವರೇ ಇಲ್ಲ. ಪಿಸಿವಿಯಿಂದ (ಎಂಜಿನ್ ಒಳಗಿನ ಹಬೆಯನ್ನು ಮತ್ತೆ ಗಾಳಿ ದಾರಿಗೆ ಬಿಡುವ ವಾಲ್ವ್) ಬರುವ ಆಯಿಲ್ ಹಬೆ ಬಿಸಿ ವಾಲ್ವಿಗೆ ಅಂಟಿ, ಸುಟ್ಟು, ಪದರ ಪದರವಾಗಿ ಗಟ್ಟಿಯಾಗುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಬಿಚ್ಚಿ ಟಾರ್ಚ್ ಬಿಟ್ಟರೆ, ಸೌದೆ ಒಲೆ ಮೇಲಿನ ಅಟ್ಟಕ್ಕೆ ಹಿಡಿದ ಇಲ್ಲಣದ ಹಾಗೆ ಕಾಣುತ್ತದೆ. ವಾಲ್ವಿನ ಕಡ್ಡಿಯ ಸುತ್ತ ಒಣ ಕರಿ, ಪೋರ್ಟಿನ (ಗಾಳಿ ಒಳಹೋಗುವ ತೂತು) ತಳದಲ್ಲಿ ಜಿಡ್ಡು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಗಾಳಿ ಹೋಗುವ ದಾರಿಯೇ ಇಕ್ಕಟ್ಟು, ಮೇಲೆ ಅದು ಸಿಲಿಂಡರ್ ಒಳಗೆ ಸರಿಯಾಗಿ ಸುತ್ತುವುದೂ ಇಲ್ಲ. ಹಾಗಾಗಿ ತಣ್ಣಗಿನ ಎಂಜಿನ್ ನಡುಗುತ್ತದೆ, ಪಿಕಪ್ ಬೀಳುತ್ತದೆ.

ಇದಕ್ಕೆ ಟ್ಯಾಂಕಿಗೆ ಹಾಕುವ ಯಾವ ಡಬ್ಬಿಯೂ ಕೆಲಸ ಮಾಡುವುದಿಲ್ಲ. ಪೆಟ್ರೋಲೇ ವಾಲ್ವಿನ ಬೆನ್ನಿಗೆ ತಾಗದಿದ್ದ ಮೇಲೆ ಅದರಲ್ಲಿ ಕಲಸಿದ ಅಡಿಟಿವ್ ಹೇಗೆ ತಾಗಬೇಕು? ಇಂಜೆಕ್ಟರ್ ತುದಿ ಸ್ವಲ್ಪ ಸ್ವಚ್ಛ ಆಗಬಹುದು, ಅಷ್ಟೇ. ತುಮಕೂರು ರಸ್ತೆಯಲ್ಲಿ ಒಂದು ಸಲ ಚೆನ್ನಾಗಿ ಎಳೆದುಬಿಡಿ ಅನ್ನುವ ಸಲಹೆ ಕೂಡ ನಿಮ್ಮ ಪೋಸ್ಟಿನ ಕೆಳಗೆ ಕಾಮೆಂಟಿನಲ್ಲಿ ಬಂದಿದೆ. ಹಾಗೆ ಓಡಿಸುವುದು ಒಳ್ಳೆಯದೇ, ಆಯಿಲ್‌ನಲ್ಲಿ ಸೇರಿದ ಪೆಟ್ರೋಲು, ನೀರು ಆವಿಯಾಗುತ್ತದೆ. ಆದರೆ ಗಟ್ಟಿಯಾದ ಕಾರ್ಬನ್ ಅದಕ್ಕೆ ಬಗ್ಗುವುದಿಲ್ಲ. ಅದೂ ಅಲ್ಲದೆ ಮಿಸ್‌ಫೈರ್ ಇರುವ ಗಾಡಿಯನ್ನು ಎಳೆಯಲೇಬೇಡಿ.

ಸರಿಯಾದ ಕೆಲಸ ವಾಲ್‌ನಟ್ ಬ್ಲಾಸ್ಟಿಂಗ್. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿ ಒತ್ತಡದಲ್ಲಿ ವಾಲ್ವಿಗೆ ಹೊಡೆದು, ಅದೇ ಹೊತ್ತಿಗೆ ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳುತ್ತಾರೆ. ಕಾರ್ಬನ್ ಕಿತ್ತುಬರುತ್ತದೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಮಾಡಿಸುವಾಗ ಪಕ್ಕದಲ್ಲಿ ನಿಂತು ಈ ವಿಷಯ ನೋಡಿಕೊಳ್ಳಿ. ಯಾವ ಸಿಲಿಂಡರ್‌ಗೆ ಹೊಡೆಯುತ್ತಿದ್ದಾರೋ ಅದರ ಎರಡೂ ಇನ್‌ಟೇಕ್ ವಾಲ್ವ್ ಪೂರ್ತಿ ಮುಚ್ಚಿರಬೇಕು. ಪ್ರತಿ ಸಲ ಕ್ರ್ಯಾಂಕ್ ತಿರುಗಿಸಿ, ಮುಚ್ಚಿದೆ ಅಂತ ಖಾತ್ರಿ ಮಾಡಿಕೊಂಡೇ ಹೊಡೆಯಬೇಕು. ಒಂದು ಚೂರು ತೆರೆದಿದ್ದರೂ ಪುಡಿಯೆಲ್ಲ ಪಿಸ್ಟನ್ ಮೇಲೆ. ಮಿಕ್ಕ ಪೋರ್ಟುಗಳಿಗೆ ಬಟ್ಟೆ ತುರುಕಿರಬೇಕು, ಮುಗಿದ ಮೇಲೆ ತುರುಕಿದ ಬಟ್ಟೆಗಳನ್ನು ಎಣಿಸಿ ತೆಗೆಯಬೇಕು. ನಗಬೇಡಿ, ಬಟ್ಟೆ ಒಳಗೇ ಬಿಟ್ಟು ಜೋಡಿಸಿದವರಿದ್ದಾರೆ. ಬ್ಲಾಸ್ಟಿಂಗ್ ಮೆಷಿನ್ ಸಿಗದಿದ್ದರೆ ಕಾರ್ಬನ್ ಕ್ಲೀನರ್‌ನಲ್ಲಿ ನೆನೆಸಿ, ನೈಲಾನ್ ಬ್ರಷ್‌ನಿಂದ ಉಜ್ಜಿ, ಕೊಳೆ ಹೀರಿ ತೆಗೆಯಬಹುದು. ಇಡೀ ದಿನದ ಕೆಲಸ, ಆದರೆ ಆಗುತ್ತದೆ.

ಈ ಎಂಜಿನ್‌ನಲ್ಲಿ ಇನ್ನೊಂದು ತೊಂದರೆ. ಮ್ಯಾನಿಫೋಲ್ಡ್ ಎಳೆದಾಗ ಒಂದೋ ಎರಡೋ ಇಂಜೆಕ್ಟರ್ ಅದರ ಜೊತೆಗೇ ಕಿತ್ತುಬರುವುದು ಮಾಮೂಲು. ಹೊರಗೆ ಬಂದ ಇಂಜೆಕ್ಟರ್‌ಗೆ ತುದಿಯ ಟೆಫ್ಲಾನ್ ರಿಂಗ್ ಹೊಸದೇ ಹಾಕಬೇಕು. ಎಣ್ಣೆ, ಗ್ರೀಸ್ ಸವರದೆ ಒಣದಾಗಿಯೇ ಕೂರಿಸಬೇಕು. ರಿಂಗ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಎರಡೂ ಮುಂಚೆಯೇ ತರಿಸಿಡಿ. ಇಲ್ಲದಿದ್ದರೆ ಗಾಡಿ ಬಿಚ್ಚಿದ ಸ್ಥಿತಿಯಲ್ಲಿ ಪಾರ್ಟ್ಸ್‌ಗೆ ಕಾಯುತ್ತಾ ನಿಲ್ಲುತ್ತದೆ, ಆಗ ಮೆಕ್ಯಾನಿಕ್ ಹಳೇ ರಿಂಗನ್ನೇ ಒತ್ತಿ ಕೂರಿಸುತ್ತಾನೆ. ಹೈ ಪ್ರೆಷರ್ ಫ್ಯೂಯಲ್ ಲೈನ್ ಬಿಚ್ಚುವ ಮುಂಚೆ ಒತ್ತಡ ಇಳಿಸಿದ್ದಾರಾ ಕೇಳಿ. ಓಡುವಾಗ ಅಲ್ಲಿ 100 ಬಾರ್‌ಗಿಂತ ಜಾಸ್ತಿ ಇರುತ್ತದೆ.

ಇನ್ನು ಆಯಿಲ್. ಈ ತಲೆಮಾರಿನ ಟಿಎಸ್‌ಐ ಆಯಿಲ್ ಕುಡಿಯುವುದಕ್ಕೆ ಹೆಸರಾದದ್ದೇ. ಕಾರಣ ಎರಡು: ತೆಳು ಪಿಸ್ಟನ್ ರಿಂಗು, ಮತ್ತು ಪಿಸಿವಿ. ಪಿಸಿವಿ ನೋಡುವುದು ಸುಲಭ. ಐಡಲ್‌ನಲ್ಲಿ ಬಿಟ್ಟು ಆಯಿಲ್ ಫಿಲ್ಲರ್ ಮುಚ್ಚಳ ತೆಗೆಯಿರಿ. ಸಲೀಸಾಗಿ ಬಂದರೆ ಸರಿ. ಯಾರೋ ಒಳಗಿಂದ ಹಿಡಿದೆಳೆದ ಹಾಗೆ ಬಿಗಿಯಾಗಿ ಕೂತಿದ್ದರೆ, ಸಿಳ್ಳೆ ಸದ್ದು ಬರುತ್ತಿದ್ದರೆ, ಡಯಾಫ್ರಂ ಹರಿದಿದೆ. ವಿಸಿಡಿಎಸ್‌ನಲ್ಲಿ ಬ್ಲಾಕ್ 32 ಕೂಡ ನೋಡಿ. ಅಲ್ಲಿ ಟ್ರಿಮ್ ಅಂತ ಎರಡು ಅಂಕಿ ಇರುತ್ತವೆ, ಇಸಿಯು (ಎಂಜಿನ್ ಕಂಪ್ಯೂಟರ್) ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅಂತ: ಒಂದು ಐಡಲ್‌ನದ್ದು, ಎರಡನೆಯದು ಓಡುವಾಗಿನದ್ದು. ಐಡಲ್‌ನ ಟ್ರಿಮ್ ತುಂಬಾ ಪ್ಲಸ್ ಇದ್ದು ಎರಡನೆಯದು ಸರಿ ಇದ್ದರೆ ಎಲ್ಲೋ ಕಳ್ಳಗಾಳಿ ಸೇರುತ್ತಿದೆ, ಪಿಸಿವಿಯೇ ಮೊದಲ ಅನುಮಾನ. ಎರಡನೆಯ ಅಂಕಿ ಸ್ವಲ್ಪ ಪ್ಲಸ್ ಇದ್ದರೆ ಗಾಬರಿ ಬೇಡ. ಈಗ ಬಂಕಿನಲ್ಲಿ ಸಿಗುವುದು ಇ20 (ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲು). ಬರೀ ಪೆಟ್ರೋಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ 13.5 ಹತ್ತಿರ ಸಾಕು. ಅದಕ್ಕೆ ಇಸಿಯು ಇಂಧನ ಜಾಸ್ತಿ ಬಿಡುತ್ತದೆ.

ಪಿಸಿವಿ ಸರಿ ಇದ್ದೂ ಆಯಿಲ್ ಇಳಿಯುತ್ತಿದ್ದರೆ ಅಳೆಯಿರಿ. ಸಮತಟ್ಟಿನ ಜಾಗದಲ್ಲಿ ಡಿಪ್‌ಸ್ಟಿಕ್ ಗುರುತು ಹಾಕಿ, 1000 ಕಿ.ಮೀ. ಓಡಿಸಿ, ಎಷ್ಟು ಟಾಪ್ ಅಪ್ ಬೇಕಾಯಿತು ನೋಡಿ. ಕಂಪನಿ ಮ್ಯಾನ್ಯುಯಲ್ ಪ್ರಕಾರ 1000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೂ ಓಕೆ. ನನ್ನ ಕೇಳಿದರೆ ಅಷ್ಟು ಕುಡಿಯುವ ಎಂಜಿನ್ ಕ್ಯಾಟ್‌ಗೆ ನಿಧಾನ ವಿಷ. ಆಯಿಲ್‌ನಲ್ಲಿರುವ ರಂಜಕ, ಸತು ಸುಟ್ಟು ಕ್ಯಾಟ್ ಮೇಲೆ ಬೂದಿಯಾಗಿ ಕೂತು ಲೇಪನವನ್ನೇ ಮುಚ್ಚಿಬಿಡುತ್ತವೆ. ಕ್ಯಾಟ್ ಬಿಚ್ಚಿ ಸೋಪುನೀರಲ್ಲಿ ನೆನೆಸುವ ವಿಡಿಯೋಗಳಿವೆಯಲ್ಲ, ಅದಕ್ಕೆ ಈ ಬೂದಿ ಹೋಗುವುದಿಲ್ಲ. ಟ್ಯಾಂಕಿಗೆ ಥಿನ್ನರ್ ಸುರಿಯುವುದಂತೂ ಹುಚ್ಚು.

ಇಷ್ಟೆಲ್ಲ ಮಾಡಿ, ಕೋಡ್ ಅಳಿಸಿ, ಕೆಲವು ದಿನ ಓಡಿಸಿ. ಪಿ0420 ವಾಪಸ್ ಬರದೇ ಇರಬಹುದು. ಬಂದರೆ ಆಗ ಕ್ಯಾಟ್ ಕಡೆ ತಿರುಗಿ. ಅಲ್ಲೂ ಮೊದಲು ಲೀಕ್ ನೋಡಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿ ಒತ್ತಿ ಹಿಡಿಯಲಿ. ಇನ್ನೊಬ್ಬರು ಟರ್ಬೊ ಜಾಯಿಂಟ್, ಡೌನ್‌ಪೈಪ್, ಫ್ಲೆಕ್ಸ್ ಪೈಪ್ ಹತ್ತಿರ ಕಿವಿ ಕೊಡಲಿ. ಪುಸ್ ಪುಸ್ ಸದ್ದು ಬಂದರೆ, ಜಾಯಿಂಟಿನಲ್ಲಿ ಕರಿ ಗೀಟು ಇದ್ದರೆ, ಅಲ್ಲಿಂದ ಹೊರಗಿನ ಗಾಳಿ ಸೇರಿ, ಕ್ಯಾಟ್ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಹಿಂದಿನ (ಕ್ಯಾಟ್ ಆದ ಮೇಲಿನ) ಆಕ್ಸಿಜನ್ ಸೆನ್ಸರ್ ಸುಳ್ಳು ಹೇಳುತ್ತಿರಬಹುದು.

ಲೀಕ್ ಇಲ್ಲವಾದರೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ 2500 ಆರ್‌ಪಿಎಂನಲ್ಲಿ ಹಿಡಿದು ಹಿಂದಿನ ಆಕ್ಸಿಜನ್ ಸೆನ್ಸರ್ ವೋಲ್ಟೇಜ್ ನೋಡಿ. 0.6ರಿಂದ 0.8 ವೋಲ್ಟ್ ನಡುವೆ ಅಲ್ಲಾಡದೆ ನಿಂತರೆ ಕ್ಯಾಟ್ ಬದುಕಿದೆ. 0.1, 0.9, 0.1, 0.9 ಅಂತ ಬೇಗ ಬೇಗ ಕುಣಿದರೆ ಅದರ ಕಥೆ ಮುಗಿದಿದೆ. ಪಿಕಪ್ ಇಲ್ಲದ್ದು ಕ್ಯಾಟ್ ಕಟ್ಟಿಕೊಂಡಿದ್ದರಿಂದಲಾ ಅಂತ ತಿಳಿಯಲು ಕ್ಯಾಟ್‌ಗೆ ಮುಂಚಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿ. ಐಡಲ್‌ನಲ್ಲಿ ಒಂದೂವರೆ ಪಿಎಸ್‌ಐ ಒಳಗೆ, 2500ರಲ್ಲಿ 3ರ ಒಳಗೆ ಇದ್ದರೆ ದಾರಿ ತೆರೆದಿದೆ. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗೆ ಗಲಗಲ ಅಂದರೆ ಸೆರಾಮಿಕ್ ಒಡೆದಿದೆ. ಮೇಲಿನ ಹೀಟ್ ಶೀಲ್ಡ್ ಸಡಿಲವಾಗಿದ್ದರೂ ಇಂಥದ್ದೇ ಸದ್ದು ಬರುತ್ತದೆ, ಅದನ್ನು ಕೈಯಲ್ಲಿ ಒತ್ತಿ ಹಿಡಿದು ತಟ್ಟಿ.

ಬದಲಿಸಲೇಬೇಕಾದರೆ ಕಂಪನಿಯದ್ದು, ಇಲ್ಲ ಒಳ್ಳೆಯ 200 ಸೆಲ್ (ಚದರ ಇಂಚಿಗೆ ಅಷ್ಟು ತೂತು) ಮೆಟಲ್ ಕ್ಯಾಟ್. 100 ಸೆಲ್‌ನವು ಅಗ್ಗಕ್ಕೆ ಸಿಗುತ್ತವೆ, ಬಹಳಷ್ಟು ಸಲ ಅದೇ ಪಿ0420 ಮತ್ತೆ ಬರುತ್ತದೆ. ಹಳೇ ಕ್ಯಾಟನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಕೇಳಿ ಇಸ್ಕೊಳ್ಳಿ. ಮಾರುತಿ ಈಕೋ ಗಾಡಿಗಳ ಸೈಲೆನ್ಸರ್ ಕದಿಯುತ್ತಿದ್ದದ್ದು ಒಳಗಿನ ಕ್ಯಾಟಿನ ಪ್ಲಾಟಿನಂನಂಥ ಲೋಹಕ್ಕೇ, ಗುಜರಿಯಲ್ಲೂ ಅದಕ್ಕೆ ಬೆಲೆ ಇದೆ. ಜೋಡಿಸುವಾಗ ಎಕ್ಸಾಸ್ಟ್ ಜಾಯಿಂಟಿಗೆ ಸಾಮಾನ್ಯ ಸಿಲಿಕೋನ್ ಪೇಸ್ಟ್ ಹಚ್ಚಲು ಬಿಡಬೇಡಿ, ಆ ಸಿಲಿಕೋನ್ ಸೆನ್ಸರ್‌ಗಳನ್ನು ಹಾಳು ಮಾಡುತ್ತದೆ.

ಕಿತ್ತುಹಾಕುವ ಸಲಹೆ ಬಗ್ಗೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅದು ತಪ್ಪು. ಬಿಎಸ್4 ಗಾಡಿಗೆ ಪಿಯುಸಿಯಲ್ಲಿ ಐಡಲ್ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 0.3, ಕ್ಯಾಟ್ ಇಲ್ಲದೆ ಪ್ರಾಮಾಣಿಕವಾಗಿ ಪಾಸಾಗುವುದು ಕಷ್ಟ. ರೀಮ್ಯಾಪ್‌ನಲ್ಲಿ ಮಾಡುವುದು ಇಷ್ಟೇ, ಹಿಂದಿನ ಸೆನ್ಸರ್ ಪರೀಕ್ಷೆಯನ್ನು ಆಫ್ ಮಾಡುತ್ತಾರೆ. ನಿಮ್ಮ ಮಿಸ್‌ಫೈರ್ ಹಾಗೇ ಇರುತ್ತದೆ, ಸಿಗ್ನಲ್‌ನಲ್ಲಿ ಕಿಟಕಿ ಇಳಿಸಿದರೆ ವಾಸನೆ ಬೇರೆ.

ಮುಂದೆ ಆಯಿಲ್ ವಿಡಬ್ಲ್ಯೂ 502 00 ಗ್ರೇಡಿನದ್ದೇ ಹಾಕಿ, 15,000 ಕಿ.ಮೀ.ವರೆಗೆ ಕಾಯದೆ 7,500ಕ್ಕೆ ಬದಲಿಸಿ. ಮ್ಯಾನಿಫೋಲ್ಡ್ ಬಿಚ್ಚಿಸುವ ಹೊತ್ತಿಗೆ ಟೈಮಿಂಗ್ ಚೈನ್ ಟೆನ್ಷನರ್ (ಚೈನ್ ಬಿಗಿಯಾಗಿಡುವ ಭಾಗ) ಹಳೇ ಮಾದರಿಯದ್ದಾ ಅಂತಲೂ ನೋಡಿಸಿ. ಚೈನ್ ಜಾರಿದರೆ ವಾಲ್ವುಗಳೇ ಬಾಗುತ್ತವೆ, ಕ್ಯಾಟಿನ ಖರ್ಚು ಅದರ ಮುಂದೆ ಏನೂ ಅಲ್ಲ.

ತಣ್ಣಗಿರುವಾಗಿನ 15, 16, 32ರ ಅಂಕಿಗಳ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ ಸರ್. ಕಾಯಿಲ್ ಯಾವ ವರ್ಷ ಬದಲಿಸಿದ್ದು ಅಂತಲೂ ಬರೆಯಿರಿ. ನೋಡಿ ಹೇಳುತ್ತೇನೆ.