ಮೂಲಾ ನಕ್ಷತ್ರದತ್ತ ಕ್ಯಾಮೆರಾ

ಪ್ರಶ್ನೆ: ಮಾನ್ಯರೇ, ಫೆಬ್ರುವರಿಯ ಅಮಾವಾಸ್ಯೆಯಂದು ರಾತ್ರಿ ಒಂಬತ್ತರಿಂದ ಒಂದು ಗಂಟೆಯವರೆಗೆ ನಮ್ಮ ಕಾಫಿ ಕಣದಲ್ಲಿ ಟ್ರೈಪಾಡ್ ಇಟ್ಟು, 18–55 ಲೆನ್ಸ್‌ನಲ್ಲಿ 30 ಸೆಕೆಂಡಿನ ಚಿತ್ರಗಳನ್ನು ತೆಗೆದೆ. ಆಕಾಶಗಂಗೆಯ ಹೊಳೆಯುವ ಭಾಗ ಸಿಗಲೇ ಇಲ್ಲ. ನಕ್ಷತ್ರಗಳು ಗೀರುಗಳಾಗಿ ಬಂದವು, ಕೊನೆಯ ಚಿತ್ರಗಳೆಲ್ಲ ಮಸುಕಾದವು. ಬೇರೆ ಲೆನ್ಸ್ ಕೊಳ್ಳಬೇಕೇ?
– ಓದುಗರು, ಆಲೂರು

ಉತ್ತರ: ಲೆನ್ಸ್ ಕೊಳ್ಳುವ ಅಗತ್ಯ ಸದ್ಯಕ್ಕಿಲ್ಲ. ನೀವು ತಿಥಿಯನ್ನು ಸರಿಯಾಗಿಯೇ ಆರಿಸಿದ್ದೀರಿ, ಹೊತ್ತು ಮಾತ್ರ ತಪ್ಪಿದೆ. ಆಕಾಶಗಂಗೆಯ ದಟ್ಟವಾದ ನಡುಭಾಗವಿರುವುದು ವೃಶ್ಚಿಕದ ಬಾಲಕ್ಕೂ ಧನು ರಾಶಿಗೂ ನಡುವೆ, ಅಂದರೆ ಮೂಲಾ ನಕ್ಷತ್ರದ ಆಸುಪಾಸಿನಲ್ಲಿ. ಫೆಬ್ರುವರಿ ನಡುವಿನಲ್ಲಿ ಅದು ಆಗ್ನೇಯ ದಿಕ್ಕಿನಲ್ಲಿ ಮೂಡುವುದೇ ಬೆಳಗಿನ ಜಾವ ಮೂರರ ನಂತರ. ಐದು ಗಂಟೆಯ ಹೊತ್ತಿಗೆ ಮರಗಳ ಮೇಲೆ ಬಂದಿರುತ್ತದೆ. ತಿಂಗಳಿಗೆ ಸುಮಾರು ಎರಡು ಗಂಟೆ ಮೊದಲೇ ಮೂಡುತ್ತ ಬರುವುದರಿಂದ ಏಪ್ರಿಲ್ ನಡುವಿನಲ್ಲಿ ರಾತ್ರಿ ಒಂದು ಗಂಟೆಗೆ, ಮೇ ನಡುವಿನಲ್ಲಿ ಹನ್ನೊಂದಕ್ಕೇ ಚಿತ್ರ ತೆಗೆಯಬಹುದು. ಮೊದಲು ಕೆಂಪಗೆ ಮಿನುಗುವ ಜ್ಯೇಷ್ಠಾ ನಕ್ಷತ್ರವನ್ನು ಗುರುತಿಸಿ, ಅಲ್ಲಿಂದ ಚೇಳಿನ ಬಾಲವನ್ನು ಹಿಡಿದು ಕೆಳಗಿಳಿದರೆ ಜಾಗ ಸಿಕ್ಕಂತೆಯೇ. ಜೂನ್ ಬಂದರೆ ನಮ್ಮ ಭಾಗದಲ್ಲಿ ಮೋಡ ಬಿಡುವುದಿಲ್ಲವಾದ್ದರಿಂದ ಏಪ್ರಿಲ್ ಮತ್ತು ಮೇ ತಿಂಗಳ ಅಮಾವಾಸ್ಯೆಗಳನ್ನು ಕಳೆದುಕೊಳ್ಳಬೇಡಿ. ಸಂಜೆ ಒಂದು ಮಳೆ ಹೊಯ್ದು, ಗಾಳಿಯ ಧೂಳೆಲ್ಲ ತೊಳೆದುಹೋಗಿ, ರಾತ್ರಿ ಮೋಡ ಸರಿದ ದಿನ ಸಿಗುವ ಆಕಾಶಕ್ಕೆ ಸಮನಾದುದು ಬೇರೊಂದಿಲ್ಲ.

ಗೀರು ಬೀಳುವುದು ಭೂಮಿ ತಿರುಗುವುದರಿಂದ. 500 ಅನ್ನು ಲೆನ್ಸ್‌ನ ಫೋಕಲ್ ಲೆಂಗ್ತ್‌ನಿಂದ (ಲೆನ್ಸಿನ ಮೇಲೆ ಮಿಲಿಮೀಟರಿನಲ್ಲಿ ಬರೆದಿರುವ ಅಂಕಿ; ನಿಮ್ಮದರಲ್ಲಿ ಅತಿ ಅಗಲದ ನೋಟಕ್ಕೆ 18) ಭಾಗಿಸಿದರೆ ಎಷ್ಟು ಸೆಕೆಂಡು ಶಟರ್ ತೆರೆದಿಡಬಹುದೆಂಬ ಅಂದಾಜು ಸಿಗುತ್ತದೆ. ನಿಮ್ಮಂಥ ಕ್ಯಾಮೆರಾಗಳಲ್ಲಿ ಬೆಳಕನ್ನು ಹಿಡಿಯುವ ಫಲಕ, ಅಂದರೆ ಸೆನ್ಸರ್, ಚಿಕ್ಕದಾಗಿರುವುದರಿಂದ 18ನ್ನು ಒಂದೂವರೆಯಿಂದ ಗುಣಿಸಿ 27 ಎಂದು ಹಿಡಿಯಬೇಕು; ಆಗ ಬರುವುದು 18 ಸೆಕೆಂಡು. ಇಂದಿನ 24 ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಅದೂ ಹೆಚ್ಚೇ, ನಾನಾದರೆ 13ಕ್ಕೆ ನಿಲ್ಲಿಸುತ್ತೇನೆ. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್ 3.5, ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200 ಇರಲಿ. ಒಂದೇ ಚಿತ್ರವನ್ನು ನೆಚ್ಚಿಕೊಳ್ಳದೆ ಸಾಲಾಗಿ 16 ಚಿತ್ರಗಳನ್ನು ರಾ ರೂಪದಲ್ಲಿ (ಕ್ಯಾಮೆರಾ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ಕಡತವಾಗಿ) ತೆಗೆದು, ಉಚಿತವಾಗಿ ದೊರೆಯುವ ಸೀಕ್ವೇಟರ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂಡಿಸಿದರೆ ಕಾಳುಕಾಳಾದ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಫೋಕಸ್ಸನ್ನು ಕೈಯಿಂದಲೇ ಮಾಡಿ: ಪರದೆಯಲ್ಲಿ ಒಂದು ಪ್ರಖರ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ರಿಂಗನ್ನು ಕೂದಲೆಳೆಯಷ್ಟೇ ತಿರುಗಿಸಬೇಕು.

ಮಸುಕಿಗೆ ಕಾರಣ ಇಬ್ಬನಿ. ತಿಳಿಯಾದ ಆಕಾಶಕ್ಕೆ ಮುಖ ಮಾಡಿದ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರುತ್ತದೆ. ಒಂದು ಚಳಿಗಾಲದಲ್ಲಿ ನಾನು ಎರಡು ಗಂಟೆ ಕಾಲ ತೆಗೆದ ಚಿತ್ರಗಳಲ್ಲಿ ಮೊದಲ ಇಪ್ಪತ್ತು ನಿಮಿಷದವಷ್ಟೇ ಉಳಿದವು. ಅಂದಿನಿಂದ ಹತ್ತು ನಿಮಿಷಕ್ಕೊಮ್ಮೆ ಟಾರ್ಚನ್ನು ಓರೆಯಾಗಿ ಹಿಡಿದು ಗಾಜನ್ನು ನೋಡುವುದನ್ನು ತಪ್ಪಿಸಿಲ್ಲ. ಪವರ್ ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿಯನ್ನು ಲೆನ್ಸಿಗೆ ಸುತ್ತಿದರೆ ಈ ಕಾಟವಿಲ್ಲ.

ಕಣದ ಸುತ್ತಲಿನ ದೀಪಗಳನ್ನು ಆರಿಸಿ, ಅಕ್ಕಪಕ್ಕದ ತೋಟದವರಿಗೂ ಬೆಳಕು ನೆಲಕ್ಕಷ್ಟೇ ಬೀಳುವಂತೆ ಬಲ್ಬಿಗೆ ಮರೆ ಕಟ್ಟಲು ದಯವಿಟ್ಟು ಹೇಳಿ; ನಮ್ಮ ಊರುಗಳಲ್ಲಿ ಇನ್ನೂ ಉಳಿದಿರುವ ಕತ್ತಲೆ ದೊಡ್ಡ ಸಂಪತ್ತು. ಆದರೆ ಇನ್ನೂ ಒಳ್ಳೆಯ ಜಾಗ ಹುಡುಕಿಕೊಂಡು ರಾತ್ರಿ ತೋಟದ ದಾರಿಗಳಲ್ಲಿ ನಡೆಯಲೇಬೇಡಿ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆ ಎಲ್ಲಿ ನಿಂತಿರುತ್ತದೆಂದು ಹೇಳಲಾಗದು. ಮನೆಯ ತಾರಸಿ ಸಾಕು.

ಪ್ರಶ್ನೆ: ಧ್ರುವ ನಕ್ಷತ್ರದ ಸುತ್ತ ವೃತ್ತಗಳು ಮೂಡುವ ಚಿತ್ರ ತೆಗೆಯಬೇಕೆಂದಿದ್ದೇನೆ, ಆದರೆ ಅದು ನಮ್ಮಲ್ಲಿ ಕಾಣುವುದೇ ಇಲ್ಲ.
– ಓದುಗರು, ಚಿಕ್ಕಮಗಳೂರು

ಉತ್ತರ: ನೀವು ಬಹಳ ಮೇಲೆ ಹುಡುಕುತ್ತಿರಬೇಕು. ಊರಿನ ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರದ ಎತ್ತರವೂ ಸುಮಾರಾಗಿ ಅಷ್ಟೇ. ನಮ್ಮಲ್ಲಿ ಅದು 13 ಡಿಗ್ರಿ. ತೋಳು ಚಾಚಿ ಹಿಡಿದ ಮುಷ್ಟಿ ಹತ್ತು ಡಿಗ್ರಿಯಷ್ಟಾಗುವುದರಿಂದ, ದಿಗಂತದಿಂದ ಒಂದೂಕಾಲು ಮುಷ್ಟಿ ಮೇಲೆ ನೋಡಿ. ಗಿರಿಯ ಬುಡದಲ್ಲಿಯೋ ಸಿಲ್ವರ್ ಓಕ್ ಮರಗಳ ನಡುವೆಯೋ ನಿಂತರೆ ಅದು ಮರೆಯಾಗಿಬಿಡುತ್ತದೆ. ಉತ್ತರಕ್ಕೆ ಬಯಲಿರುವ ಕೆರೆಯ ಏರಿಯನ್ನು ಆರಿಸಿಕೊಳ್ಳಿ.

ಪ್ರಶ್ನೆ: ಕಾಫಿ ಹೂವಿನ ಚಿತ್ರಗಳಲ್ಲಿ ಬಿಳುಪು ಬೂದಿಯಂತೆ ಕಾಣುತ್ತದೆ, ಏಕೆ?
– ಓದುಗರು, ಮೂಡಿಗೆರೆ

ಉತ್ತರ: ಕ್ಯಾಮೆರಾ ಎದುರಿಗಿರುವುದನ್ನೆಲ್ಲ ನಡುಬೂದು ಬಣ್ಣವೆಂದೇ ಎಣಿಸಿ ಬೆಳಕನ್ನು ಅಳೆಯುತ್ತದೆ. ಚೌಕಟ್ಟಿನ ತುಂಬ ಹೂವಿದ್ದಾಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಅಳೆದುದಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಅನ್ನು ಪ್ಲಸ್ ಒಂದಕ್ಕೆ ಏರಿಸಿ. ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆಯ ಮಳೆ, ಆದ ಎಂಟು ಹತ್ತು ದಿನಕ್ಕೆ ಗಿಡ ಬಿಳಿಯಾಗುತ್ತದೆ, ಮೂರು ನಾಲ್ಕು ದಿನಗಳಲ್ಲಿ ಹೂ ಕಂದುತ್ತದೆ. ಆದ್ದರಿಂದ ಅರಳಿದ ಮೊದಲ ಬೆಳಗ್ಗೆಯೇ, ಬಿಸಿಲು ನೆರಳುಮರಗಳ ಸಂದಿನಿಂದ ಚುಕ್ಕಿಚುಕ್ಕಿಯಾಗಿ ಬೀಳುವ ಮೊದಲು ತೋಟಕ್ಕೆ ಇಳಿಯಿರಿ; ಆಗ ಎಸಳಿನ ಮೇಲಿನ ಜೇನುಹುಳುವಿನ ಕಾಲಿಗೆ ಮೆತ್ತಿದ ಪರಾಗವೂ ಚಿತ್ರದಲ್ಲಿ ಸ್ಪಷ್ಟವಾಗಿ ಬರುತ್ತದೆ.